ಸ್ಕೋಪಿನ ಚಿಕ್ಕ ಅಂಕಿ

“ಮಾವ, ಆರರಿಂದ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತೆ. ಮುಂದಿನ ಗಾಜು 50 ಮಿಲಿಮೀಟರು. ಅರ್ಧ ಬೆಲೆಗೆ ಬಿಟ್ಟಿದ್ದಾರೆ. ತಗೊಂಡುಬಿಡ್ಲಾ?”

ಅಕ್ಕನ ಮಗ ಪೆನ್ಸಿಲ್ವೇನಿಯಾದ ಅಂಗಡಿಯೊಂದರಲ್ಲಿ ನಿಂತು ವಿಡಿಯೊ ಕರೆ ಮಾಡಿದ್ದ. ಅಲ್ಲಿ ಮಧ್ಯಾಹ್ನ, ಇಲ್ಲಿ ರಾತ್ರಿ ಹನ್ನೊಂದು. ರೈಫಲ್ ಮೇಲೆ ಕೂರಿಸುವ ದುರ್ಬೀನಿನ, ಅಂದರೆ ಸ್ಕೋಪಿನ, ಪೆಟ್ಟಿಗೆಯನ್ನು ಕ್ಯಾಮೆರಾದ ಮುಂದೆ ಹಿಡಿದು, ಮದುವೆಗೆ ಬಂಗಾರ ನೋಡುವವರ ಹಾಗೆ ಅತ್ತಿತ್ತ ತಿರುಗಿಸುತ್ತಿದ್ದ. ಬೇಡ ಎಂದೆ. ಯಾಕೆ ಎಂದ. ಆ ‘ಯಾಕೆ’ ಫೋನಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ತಿಂಗಳುಗಟ್ಟಲೆ ತಲೆಯಲ್ಲಿ ಕೊರೆದು ಈಗ ಅಂಕಣಕ್ಕೆ ಬಂದಿದೆ.

ನಮ್ಮ ನೆಲದಲ್ಲಿ ಬೇಟೆಗೂ ಗುರಿಯಾಟಕ್ಕೂ ಒಂದೇ ಸ್ಕೋಪು ಎಂಬ ಮಾತಿಗೆ ಅರ್ಧ ಜಾಗ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಎಂಬುದು ಇಲ್ಲಿ ಅಪರಾಧ. ಕೋವಿಗಳು ಉಳಿದಿವೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಬಂದಾಗ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ಕಾಯುವ ಲೈಸೆನ್ಸಿನ ಕೋವಿ ಗೋಡೆಗೆ ಒರಗಿರುತ್ತದೆ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತದೆ. ನಮ್ಮ ಮನೆಯಲ್ಲಿದ್ದದ್ದೂ ಅಂಥದೇ ಒಂದು ಕೇಪಿನ ಕೋವಿ. ನಳಿಗೆಯ ತುದಿಯ ಪುಟ್ಟ ಮಣಿಯೇ ಅದರ ಗುರಿಯಂತ್ರ. ಸ್ಕೋಪು ಎಂಬುದನ್ನು ನಾನು ಮೊದಲು ಕಂಡದ್ದು ರೈಫಲ್ ಕ್ಲಬ್ಬಿಗೆ ಸೇರಿದ ಮೇಲೆ.

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆ ಊರಹಬ್ಬದಂತೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುವಾರ ಶಾಲೆಗಳು ಇಂದಿಗೂ ಹಲವು ಕಡೆ ಸೋಮವಾರ ರಜಾ ಕೊಡುತ್ತವೆ. ಹಿಂದೆ ರೈಫಲ್ ಹಂಗಾಮು ಆರಂಭವಾಗುತ್ತಿದ್ದದ್ದು ಆ ಸೋಮವಾರವೇ. 2019ರಿಂದ ಅದು ಶನಿವಾರಕ್ಕೆ ಬಂದಿದೆ. ಅಲ್ಲಿನ ಗೇಮ್ ಕಮಿಷನ್ 1895ರಲ್ಲಿ ಹುಟ್ಟಿದ್ದು. ಕಂಡಕಂಡವರೆಲ್ಲ ಹೊಡೆದು ಬಿಳಿಬಾಲದ ಜಿಂಕೆಯನ್ನು ನಾಶದ ಅಂಚಿಗೆ ತಂದಿದ್ದ ಕಾಲ ಅದು. ಇಂದು ಅದೇ ರಾಜ್ಯದಲ್ಲಿ ಒಂದು ಹಂಗಾಮಿಗೆ ನಾಲ್ಕು ಲಕ್ಷದ ಆಸುಪಾಸು ಜಿಂಕೆಗಳು ಲೆಕ್ಕದ ಪ್ರಕಾರ, ಪರವಾನಗಿಯ ಮೇಲೆ ಬೇಟೆಯಾಗುತ್ತವೆ. ಹುಡುಗ ಈಗ ಅಲ್ಲಿನ ಪ್ರಜೆ. ಬೇಟೆಯ ಪಾಠ ಮುಗಿಸಿ ಪರವಾನಗಿ ಪಡೆದಿದ್ದಾನೆ. (ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಮುಟ್ಟುವ ಮೊದಲು ಅಲ್ಲಿನ ಕೇಂದ್ರ ಕಾನೂನನ್ನು ಓದಿಕೊಳ್ಳಬೇಕು. ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದಿದ್ದರೆ ಕೈಗೆ ತೆಗೆದುಕೊಳ್ಳುವುದೇ ತಪ್ಪಾದೀತು.) ಅಕ್ಕ ಮಾತ್ರ ಇಲ್ಲಿಂದಲೇ, “ಆ ಜಿಂಕೆ ನಿಂಗೇನು ಮಾಡಿತ್ತೋ ಮಾರಾಯ” ಎಂದು ವಾರಕ್ಕೊಮ್ಮೆ ಕೇಳುತ್ತಾಳೆ.

ಅವನ ಕಷ್ಟ ಇಷ್ಟು: ರೈಫಲ್ ಇರುವುದು ಒಂದೇ, .308. ವರ್ಷದ ಎರಡು ವಾರ ಕಾಡು, ಉಳಿದ ಶನಿವಾರಗಳಲ್ಲಿ 100ರಿಂದ 300 ಗಜದ ರೇಂಜಿನಲ್ಲಿ ಕಾಗದದ ಗುರಿ. ಎರಡಕ್ಕೂ ಒಂದೇ ಸ್ಕೋಪು ಬೇಕು.

ಸ್ಕೋಪಿನ ಹೆಸರಿನಲ್ಲೇ ಅದರ ಜಾತಕ ಇರುತ್ತದೆ. 3-9x40 ಎಂದರೆ ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 40 ಮಿಲಿಮೀಟರ್. ಕೊಳ್ಳುವವನ ಕಣ್ಣು ದೊಡ್ಡ ಅಂಕಿಯ ಮೇಲೆ ಬೀಳುತ್ತದೆ. ಒಂಬತ್ತಕ್ಕಿಂತ ಹದಿನಾರು ಮೇಲು, ಹದಿನಾರಕ್ಕಿಂತ ಇಪ್ಪತ್ತನಾಲ್ಕು ಮೇಲು. ಮಾರುವವನಿಗೂ ಅದೇ ಬೇಕು. ಆದರೆ ಎರಡು ಕೆಲಸಕ್ಕೆ ಒಂದು ಸ್ಕೋಪು ಎಂದಾಗ ಮೊದಲು ನೋಡಬೇಕಾದದ್ದು ಚಿಕ್ಕ ಅಂಕಿ. ರೇಂಜಿನಲ್ಲಿ ಪಟ್ಟು ಕಡಿಮೆಯಾದರೆ ಒಂದೆರಡು ಅಂಕ ಹೋಗಬಹುದು, ಅಷ್ಟೆ. ಕಾಡಿನಲ್ಲಿ ಪಟ್ಟು ಹೆಚ್ಚಾದರೆ ಪ್ರಾಣಿಯೇ ಕಾಣುವುದಿಲ್ಲ.

ನಮ್ಮ ಮಲೆನಾಡಿನ ಹಳಬರು ಬೇಟೆಯನ್ನು ಎರಡು ಬಗೆಯಾಗಿ ಹೇಳುತ್ತಿದ್ದರು. ಮರದ ಮೇಲೆ ಉಸಿರು ಬಿಗಿಹಿಡಿದು ಕೂತು ಕಾಯುವುದು ಮರಸು. ಜನ ಗದ್ದಲ ಮಾಡುತ್ತ ಹಳುವಿನಿಂದ ಪ್ರಾಣಿಗಳನ್ನು ಎಬ್ಬಿಸಿ ಕೋವಿಯವರ ಕಡೆಗೆ ಅಟ್ಟುವುದು ಸೋವು. ಪೆನ್ಸಿಲ್ವೇನಿಯಾದಲ್ಲಿ ಇವೆರಡೂ ಬೇರೆ ಹೆಸರಲ್ಲಿ ಇವೆ. ಮರಕ್ಕೆ ಕಟ್ಟಿದ ಅಟ್ಟಣೆಯಲ್ಲಿ ಬೆಳಗಿನಿಂದ ಕೂರುತ್ತಾರೆ, ಮಧ್ಯಾಹ್ನ ಬೇಸರವಾದರೆ ನಾಲ್ಕೈದು ಜನ ಸೇರಿ ಸೋವುತ್ತಾರೆ. ಮರಸಿನಲ್ಲಿ ಜಿಂಕೆ ನಿಂತು ಕೊಡಬಹುದು. ಸೋವಿನಲ್ಲಿ ಅದು ಓಡುತ್ತ ಬರುತ್ತದೆ, ಇಪ್ಪತ್ತು ಮೂವತ್ತು ಗಜದಲ್ಲಿ, ಓಕ್ ಮರಗಳ ಸಂದಿನಲ್ಲಿ.

ಮೂರು ಪಟ್ಟಿನಲ್ಲಿ ಸಾಮಾನ್ಯ ಸ್ಕೋಪು 100 ಗಜದಲ್ಲಿ ಸುಮಾರು 33 ಅಡಿ ಅಗಲದ ಕಾಡನ್ನು ತೋರಿಸುತ್ತದೆ. ಅದೇ 25 ಗಜಕ್ಕೆ ಬಂದರೆ ಎಂಟು ಅಡಿ. ಇಡೀ ಜಿಂಕೆ ಅದರೊಳಗೆ ಹಿಡಿಸುತ್ತದೆ, ಸುತ್ತ ಇನ್ನೂ ಜಾಗ ಉಳಿಯುತ್ತದೆ. ಆರು ಪಟ್ಟು ಮಾಡಿದರೆ ನಾಲ್ಕಡಿ. ಹನ್ನೆರಡಕ್ಕೆ ತಿರುಗಿಸಿದರೆ ಎರಡು ಅಡಿ ಚಿಲ್ಲರೆ, ಅದೂ ಮಸುಕು ಮಸುಕು. ಆಗ ಕಾಣುವುದು ಕಂದು ಕೂದಲು. ಅದು ಭುಜವೋ ತೊಡೆಯೋ, ಮರದ ತೊಗಟೆಯೋ ತಿಳಿಯುವುದಿಲ್ಲ. ಅಂಗಡಿಯಲ್ಲಿ ಅರ್ಧ ಬೆಲೆಗೆ ಬಿಟ್ಟಿದ್ದ ಸ್ಕೋಪಿನ ಚಿಕ್ಕ ಅಂಕಿಯೇ ಆರು. ಅದಕ್ಕೇ ಬೇಡ ಎಂದದ್ದು.

“ಕೊಂಬು ಎಣಿಸೋಕೆ ಹೆಚ್ಚು ಪಟ್ಟು ಬೇಕಲ್ಲ ಮಾವ?” ಎಂದು ಅವನು ವಾದ ಹೂಡಿದ. ವಾದದಲ್ಲಿ ತಿರುಳಿದೆ. ಅಲ್ಲಿ 2002ರಿಂದ ಗಂಡು ಜಿಂಕೆಯ ಕೊಂಬಿನ ಕವಲಿಗೆ ಲೆಕ್ಕವಿದೆ, ರಾಜ್ಯದ ಬಹುಭಾಗದಲ್ಲಿ ಒಂದು ಕಡೆ ಕನಿಷ್ಠ ಮೂರು ಕವಲು ಇರಬೇಕು. ಆದರೆ ಕವಲು ಎಣಿಸಬೇಕಾದದ್ದು ಕೊರಳಿಗೆ ತೂಗುಹಾಕಿಕೊಂಡ ಬೈನಾಕ್ಯುಲರಿನಲ್ಲಿ. ಸ್ಕೋಪಿನಲ್ಲಿ ನೋಡುವುದೆಂದರೆ ತೋಟಾ ತುಂಬಿದ ರೈಫಲನ್ನು ನೋಡುವ ಕಡೆಗೆಲ್ಲ ತಿರುಗಿಸುವುದು. ಪೊದೆಯಲ್ಲಿ ಅಲ್ಲಾಡಿದ್ದು ಜಿಂಕೆಯೋ ಕಿತ್ತಳೆ ಅಂಗಿಯ ಮನುಷ್ಯನೋ ಎಂದು ತಿಳಿಯಲು ನಳಿಗೆ ನೀಡುವವನ ಜತೆ ನಾನಂತೂ ಕಾಡಿಗೆ ಹೋಗುವುದಿಲ್ಲ.

ಹಾಗಾದರೆ ದೊಡ್ಡ ಅಂಕಿ ಎಷ್ಟಿರಬೇಕು? ಗುರಿ ಹೊಡೆಯುವ ಆಟ ಎಂದರೆ ಒಂದಲ್ಲ, ಹತ್ತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪಿಗೆ ಜಾಗವೇ ಇಲ್ಲ. ಪುಟ್ಟ ತೂತಿನ ಹಿಂಗುರಿ, ಉಂಗುರದಂಥ ಮುಂಗುರಿ, ಅಷ್ಟೆ. ಅಲ್ಲಿನ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಹಿಗ್ಗಿಸದೆಯೂ ಅದನ್ನು ಹೊಡೆಯುವವರಿದ್ದಾರೆ ಎಂಬುದು ಪಟ್ಟಿನ ಹುಚ್ಚು ಹಿಡಿದವರು ನೆನಪಿಡಬೇಕಾದ ಸಂಗತಿ. ಇನ್ನೊಂದು ತುದಿಯಲ್ಲಿ ಬೆಂಚ್‌ರೆಸ್ಟ್ ಆಟಗಾರರು 36, 45 ಪಟ್ಟಿನ ಸ್ಕೋಪು ಕಟ್ಟುತ್ತಾರೆ. 1000 ಗಜದ ಎಫ್-ಕ್ಲಾಸ್‌ನವರದೂ ಹೆಚ್ಚುಕಡಿಮೆ ಅದೇ ಲೋಕ. ಅವರ ರೈಫಲ್ ಮೇಜಿನ ಮೇಲೋ ನೆಲದ ಮೇಲೋ ಊರಿ ಕೂತಿರುತ್ತದೆ, ಗುಡ್ಡ ಹತ್ತುವುದಿಲ್ಲ. ನಮ್ಮ ಹುಡುಗನ 300 ಗಜದ ಶನಿವಾರಕ್ಕೆ ಹನ್ನೆರಡರಿಂದ ಹದಿನೈದು ಪಟ್ಟು ಧಾರಾಳ. ಅದಕ್ಕಿಂತ ಹೆಚ್ಚಾದರೆ ಬೇಸಿಗೆಯಲ್ಲಿ ನೆಲದಿಂದೇಳುವ ಬಿಸಿಗಾಳಿ ಕುಣಿಯುವುದು ಕಾಣುತ್ತದೆ. ಡಾಂಬರು ರಸ್ತೆಯ ಮೇಲೆ ನಡುಮಧ್ಯಾಹ್ನ ನೀರಾಡಿದಂತೆ ಕಾಣುವುದಿಲ್ಲವೇ, ಹಾಗೆ. ಗುರಿಯ ಜತೆಗೆ ಆ ನಡುಕವನ್ನೂ, ನಿಮ್ಮ ಎದೆಬಡಿತವನ್ನೂ ಸ್ಕೋಪು ಅಷ್ಟೇ ಪಟ್ಟು ಹಿಗ್ಗಿಸಿ ಕೊಡುತ್ತದೆ.

ಕೊನೆಗೆ ನಾನು ಹೇಳಿದ್ದು 3-15x44. ಇಂದಿನ ಸುಧಾರಿತ ಸ್ಕೋಪುಗಳು ಚಿಕ್ಕ ಅಂಕಿಯ ಐದು, ಆರು, ಎಂಟು ಪಟ್ಟಿನವರೆಗೂ ಹೋಗುತ್ತವೆ. ಹಳೆಯ 3-9ರಲ್ಲಿ ಅದು ಮೂರೇ ಇತ್ತು. ಐದಕ್ಕೆ ನಿಂತರೆ ಬೆಲೆಯೂ ತೂಕವೂ ಕೈಮೀರುವುದಿಲ್ಲ. ತೂಕದ ಮಾತು ಸಣ್ಣದಲ್ಲ. ಹಗುರವಾದ 3-9x40 ಸುಮಾರು 350 ಗ್ರಾಂ ತೂಗುತ್ತದೆ. ದೂರದ ಪಂದ್ಯಗಳಲ್ಲಿ ಜನಪ್ರಿಯವಾದ ವೋರ್ಟೆಕ್ಸ್ ರೇಜರ್ 4.5-27x56 ಒಂದು ಕಿಲೊ 370 ಗ್ರಾಂ! ನಳಿಗೆಯ ಮೇಲೆ ಒಂದು ತೆಂಗಿನಕಾಯಿ ಕಟ್ಟಿಕೊಂಡು ಗುಡ್ಡ ಹತ್ತಿದಂತೆ. ಆರುನೂರು ಗ್ರಾಮಿನ ಒಳಗೆ ಇದ್ದರೆ ಹೆಗಲು ಬೈಯುವುದಿಲ್ಲ.

ಇನ್ನು ಬೆಳಕು. ಜಿಂಕೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬರುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಬೇಟೆಗೆ ಅವಕಾಶ. ಜಿಂಕೆ ಓಡಾಡುವುದು ಹೆಚ್ಚಾಗಿ ಆ ಎರಡು ಅರ್ಧ ಗಂಟೆಗಳ ಸುತ್ತಮುತ್ತಲೇ. ಮುಂದಿನ ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 44ನ್ನು 15ರಿಂದ ಭಾಗಿಸಿ: ಮೂರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಆರರಿಂದ ಭಾಗಿಸಿ: ಏಳಕ್ಕೂ ಮಿಗಿಲು. ಕತ್ತಲಲ್ಲಿ ಯುವಕರ ಪಾಪೆ ಹೆಚ್ಚೆಂದರೆ ಏಳು ಮಿಲಿಮೀಟರಿನಷ್ಟು ಅರಳುತ್ತದೆ, ನನ್ನ ವಯಸ್ಸಿನವರದು ಐದಕ್ಕೇ ಸೋಲುತ್ತದೆ. ಅಂದರೆ ಮಬ್ಬಾದಾಗ ಉಂಗುರ ತಿರುಗಿಸಿ ಪಟ್ಟು ಇಳಿಸಿದರೆ ಸಾಕು, ಬೆಳಕು ತಾನಾಗಿ ಬರುತ್ತದೆ. ಜರ್ಮನಿಯಲ್ಲಿ ಬೆಳದಿಂಗಳಲ್ಲಿ ಕಾಡುಹಂದಿಗೆ ಮರಸು ಕೂರುವವರು 8x56ರಂಥ ದಪ್ಪ ಗಾಜಿನ ಸ್ಕೋಪನ್ನು ಇಷ್ಟಪಡುವುದು ಇದೇ ಲೆಕ್ಕದಿಂದ. 56ನ್ನು ಎಂಟರಿಂದ ಭಾಗಿಸಿದರೆ ಸರಿಯಾಗಿ ಏಳು. ಹಗಲಿನ ರೇಂಜಿಗೆ ಅಷ್ಟು ದೊಡ್ಡ ಗಾಜು ಬರೀ ಹೊರೆ. ಅದನ್ನು ಕೂರಿಸಲು ಸ್ಕೋಪನ್ನು ನಳಿಗೆಯಿಂದ ಮೇಲಕ್ಕೆತ್ತಬೇಕು, ಆಗ ಕೆನ್ನೆ ರೈಫಲಿನ ಹಿಡಿಗೆ ಒರಗದೆ ಗಾಳಿಯಲ್ಲಿ ತೇಲುತ್ತದೆ.

ಗಾಜಿನ ಗಾತ್ರಕ್ಕಿಂತ ಅದರ ಮೇಲಿನ ಲೇಪ ಮುಖ್ಯ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಬೆಳಕಿನ ಶೇ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಸ್ಕೋಪಿನೊಳಗೆ ಎಂಟು ಮಸೂರಗಳಿವೆ ಎಂದುಕೊಂಡರೆ ಹದಿನಾರು ಮೈ. ಲೆಕ್ಕ ಹಾಕಿ ನೋಡಿದರೆ ಅರ್ಧದಷ್ಟು ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ. 1935ರಲ್ಲಿ ಯೇನಾದ ಝೈಸ್ ಕಾರ್ಖಾನೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ ಕಂಡುಹಿಡಿದ ತೆಳುಲೇಪ ಈ ಸೋರಿಕೆಗೆ ಬಿದ್ದ ಬೆಸುಗೆ. ದುಬಾರಿ ಸ್ಕೋಪಿಗೂ ಅಗ್ಗದ ಸ್ಕೋಪಿಗೂ ನಡುಮಧ್ಯಾಹ್ನ ಹೆಚ್ಚು ಅಂತರ ಕಾಣದಿರುವುದು, ಮುಸ್ಸಂಜೆ ಕಾಣುವುದು ಈ ಕಾರಣದಿಂದಲೇ. ಅಂಗಡಿಯವನನ್ನು ಒಪ್ಪಿಸಿ ಸಂಜೆ ಬಾಗಿಲಾಚೆ ನಿಂತು ಎದುರಿನ ಮರದ ನೆರಳಿನೊಳಕ್ಕೆ ನೋಡಿ ಕೊಳ್ಳು ಎಂದು ಹುಡುಗನಿಗೆ ಹೇಳಿದೆ.

ಮಂಜಿನ ಕತೆಯೂ ಇದೆ. ಆರೆಗಾನ್‌ನ ಲೂಪೋಲ್ಡ್ ಕಂಪನಿ ಹೇಳಿಕೊಳ್ಳುವ ಪ್ರಕಾರ, ಆ ಮನೆತನದ ಮಾರ್ಕಸ್ ಲೂಪೋಲ್ಡ್ ಜಿಂಕೆಗೆ ಗುರಿಯಿಟ್ಟಾಗ ಸ್ಕೋಪಿನೊಳಗೆ ಮಂಜು ಕಟ್ಟಿ ಬೇಟೆ ತಪ್ಪಿತು. ಆ ಸಿಟ್ಟಿನಲ್ಲೇ ಕಂಪನಿ ಸ್ಕೋಪು ಮಾಡಲು ಹೊರಟಿತು. 1947ರಲ್ಲಿ ಒಳಗಿನ ತೇವದ ಗಾಳಿ ತೆಗೆದು ನೈಟ್ರೋಜನ್ ತುಂಬಿದ ಸ್ಕೋಪು ಹೊರಬಂತು. ಈಗ ಇದು ಬಹುತೇಕ ಎಲ್ಲರೂ ಕೊಡುವ ಸೌಕರ್ಯ. ಒಳಗೆ ಕಟ್ಟುವುದಿಲ್ಲ ನಿಜ, ಹೊರಗೆ ನಿಮ್ಮ ಉಸಿರೇ ಕಟ್ಟಿಸುತ್ತದೆ.

ಬೇಟೆಗೂ ಗುರಿಯಾಟಕ್ಕೂ ನಿಜವಾದ ಜಗಳ ಇರುವುದು ರೆಟಿಕಲ್‌ನಲ್ಲಿ, ಅಂದರೆ ಸ್ಕೋಪಿನೊಳಗೆ ಕಾಣುವ ಆ ಅಡ್ಡಗೆರೆ ನಿಲುಗೆರೆಗಳಲ್ಲಿ. ಗೆರೆಯನ್ನು ಎರಡು ಜಾಗದಲ್ಲಿ ಕೂರಿಸಬಹುದು. ಮೊದಲ ನಾಭಿತಲದಲ್ಲಿ ಕೂರಿಸಿದರೆ ಅದು ಹಣೆಗಿಟ್ಟ ಕುಂಕುಮದಂತೆ, ಮುಖ ದೊಡ್ಡದಾಗಿ ಕಂಡರೆ ಕುಂಕುಮವೂ ದೊಡ್ಡದಾಗುತ್ತದೆ. ಎರಡನೇ ನಾಭಿತಲದ್ದು ಕನ್ನಡಿಗೆ ಅಂಟಿಸಿದ ಬಿಂದಿ, ಮುಖ ಹತ್ತಿರ ಬಂದರೂ ದೂರ ಹೋದರೂ ಅದು ಇದ್ದಷ್ಟೇ. ಗೆರೆಯ ಮೇಲಿನ ಗುರುತುಗಳಿಂದ ದೂರದ ಇಳಿತ ಅಳೆಯುವ ಪಂದ್ಯಗಾರನಿಗೆ ಮೊದಲನೆಯದು ಅನುಕೂಲ, ಯಾವ ಪಟ್ಟಿನಲ್ಲೂ ಅಳತೆ ತಪ್ಪುವುದಿಲ್ಲ. ಆದರೆ ಅದನ್ನು ಮೂರು ಪಟ್ಟಿಗೆ ಇಳಿಸಿ ಮುಂಜಾನೆಯ ಮಬ್ಬಿನಲ್ಲಿ ಹಿಡಿದು ನೋಡಿ. ಗೆರೆ ಜೇಡನ ನೂಲಿನಷ್ಟು ತೆಳುವಾಗಿ ಕಾಡಿನಲ್ಲಿ ಕರಗಿಹೋಗಿರುತ್ತದೆ. ಬೇಟೆಗಾರನಿಗೆ ಬೇಕಾದಾಗಲೇ ಅದು ಕೈಕೊಡುತ್ತದೆ. ಎರಡನೆಯದರ ಗೆರೆ ಯಾವಾಗಲೂ ಒಂದೇ ದಪ್ಪ. ಅದರ ಗುರುತುಗಳು ಒಂದೇ ಒಂದು ಪಟ್ಟಿನಲ್ಲಿ, ಸಾಮಾನ್ಯವಾಗಿ ಕೊನೆಯ ಪಟ್ಟಿನಲ್ಲಿ, ಸರಿಯಾದ ಅಳತೆ ಕೊಡುತ್ತವೆ. ರೇಂಜಿನಲ್ಲಿ ಅವನು ಹೇಗೂ ಕೊನೆಯ ಪಟ್ಟಿಗೇ ತಿರುಗಿಸುತ್ತಾನೆ. ಇಲ್ಲಿ ನನಗೆ ಅನುಮಾನವೇ ಇಲ್ಲ: 300 ಗಜದೊಳಗಿನ ಇಬ್ಬಗೆಯ ಬಳಕೆಗೆ ಎರಡನೆಯದೇ ಸರಿ. ಅಂಗಡಿಯ ಹುಡುಗರು ಮೊದಲನೆಯದನ್ನು ಹೊಗಳುವುದು ಅದು ದುಬಾರಿ ಎಂಬ ಕಾರಣಕ್ಕೂ ಇರಬಹುದು.

ಪ್ಯಾರಲಾಕ್ಸ್ ಎಂಬ ಇನ್ನೊಂದು ಭೂತವಿದೆ. ಬೈಕಿನ ಹಿಂದೆ ಕೂತವರಿಗೆ ಸ್ಪೀಡೋಮೀಟರಿನ ಮುಳ್ಳು ನಲವತ್ತರ ಮೇಲೆ ಕಂಡರೆ ಓಡಿಸುವವನಿಗೆ ನಲವತ್ತೈದರ ಮೇಲೆ ಕಾಣುತ್ತದೆ. ಮುಳ್ಳೂ ಅಂಕಿಯೂ ಒಂದೇ ತಲದಲ್ಲಿಲ್ಲ, ಅದೇ ಕಾರಣ. ಸ್ಕೋಪಿನಲ್ಲೂ ಹಾಗೆ, ಕಣ್ಣು ನಡುವಿನಿಂದ ಸರಿದರೆ ಗೆರೆ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಬೇಟೆಯ ಸ್ಕೋಪುಗಳನ್ನು ಕಾರ್ಖಾನೆಯಲ್ಲೇ 100 ಅಥವಾ 150 ಗಜಕ್ಕೆ ಹೊಂದಿಸಿ ಬಿಟ್ಟಿರುತ್ತಾರೆ. 100 ಗಜಕ್ಕೆ ಹೊಂದಿಸಿದ 40 ಮಿಲಿಮೀಟರ್ ಗಾಜಿನ ಸ್ಕೋಪಿನಲ್ಲಿ 200 ಗಜದ ಗುರಿ ನೋಡುವಾಗ ಕಣ್ಣು ಪೂರ್ತಿ ಅಂಚಿಗೆ ಹೋದರೂ ತಪ್ಪು 20 ಮಿಲಿಮೀಟರ್ ಮೀರುವುದಿಲ್ಲ. ಜಿಂಕೆಯ ಮರ್ಮಸ್ಥಾನ ಎಂಟು ಅಂಗುಲ ಅಗಲದ್ದು, ಅಲ್ಲಿ ಇದು ಲೆಕ್ಕಕ್ಕಿಲ್ಲ. ಕಾಗದದ ಮೇಲೆ ಐದು ಗುಂಡನ್ನು ಒಂದೇ ತೂತಿಗೆ ಸೇರಿಸಲು ಹೊರಟವನಿಗೆ ಅದೇ ಪರ್ವತ. ಆದ್ದರಿಂದ ಎಡಬದಿಯಲ್ಲಿ ದೂರ ಹೊಂದಿಸುವ ಗುಂಡಿ ಇರುವ ಸ್ಕೋಪು ಕೊಳ್ಳು, ಕಾಡಿಗೆ ಹೋಗುವಾಗ ಅದನ್ನು 100ಕ್ಕೆ ತಿರುಗಿಸಿ ಮರೆತುಬಿಡು ಎಂದೆ. ಉಂಗುರ, ಗುಂಡಿ, ಎಲ್ಲವನ್ನೂ ಜಿಂಕೆ ಬಂದಾಗ ತಿರುಗಿಸುತ್ತ ಕೂತರೆ ಜಿಂಕೆ ನೋಡಿ ನಗುತ್ತದೆ.

ಗುರಿ ತಿದ್ದುವ ಮೇಲಿನ ಗುಂಡಿ ಒಂದೊಂದು ಕ್ಲಿಕ್ಕಿಗೆ ಎಷ್ಟು ಸರಿಯುತ್ತದೆ ಎಂಬುದಕ್ಕೆ ಎರಡು ಪದ್ಧತಿಗಳಿವೆ. ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು, 100 ಗಜದಲ್ಲಿ ಒಂದಂಗುಲಕ್ಕಿಂತ ಕೂದಲೆಳೆ ಹೆಚ್ಚು. ಮಿಲ್ ಎಂದರೆ 100 ಮೀಟರಿನಲ್ಲಿ ಹತ್ತು ಸೆಂಟಿಮೀಟರ್. ಯಾವುದಾದರೂ ಆಗಲಿ, ಗೆರೆಯದೂ ಗುಂಡಿಯದೂ ಒಂದೇ ಇರಲಿ. ತೂಕಕ್ಕೆ ಸೇರು, ಲೆಕ್ಕಕ್ಕೆ ಕಿಲೊ ಎಂದರೆ ಸಂತೆಯಲ್ಲಿ ಆಗುವ ಗೊಂದಲವೇ ಇಲ್ಲೂ ಆಗುತ್ತದೆ. .308ನ್ನು 200 ಗಜಕ್ಕೆ ಹೊಂದಿಸಿದರೆ ಗುಂಡು 100ರಲ್ಲಿ ಸುಮಾರು ಎರಡು ಅಂಗುಲ ಮೇಲೆ, 300ರಲ್ಲಿ ಎಂಟೊಂಬತ್ತು ಅಂಗುಲ ಕೆಳಗೆ ಬೀಳುತ್ತದೆ. ಕಾಲು ಎಂಒಎ ಗುಂಡಿಯಾದರೆ 300 ಗಜಕ್ಕೆ ಹನ್ನೊಂದು ಕ್ಲಿಕ್ ಏರಿಸಬೇಕು. ಅದು ರೇಂಜಿನ ಕೆಲಸ. ಕಾಡಿನಲ್ಲಿ 200 ಗಜದೊಳಗೆ ಎಲ್ಲಿಯೇ ಇರಲಿ, ನಡುವಿಗೆ ಗುರಿಯಿಟ್ಟರೆ ಎಂಟಂಗುಲದ ಒಳಗೇ ಬೀಳುತ್ತದೆ. ಅದಕ್ಕೇ ಅಲ್ಲಿ ಗುಂಡಿಗೆ ಬೀಗವಿರಬೇಕು. ಪೊದೆಗೆ ತಗುಲಿ ಒಂದು ಸುತ್ತು ತಿರುಗಿದ ಗುಂಡಿ ಎಂಥ ಬಿಲ್ಲುಗಾರನನ್ನೂ ಮಂಗ ಮಾಡುತ್ತದೆ.

ದುಡ್ಡೆಲ್ಲ ಸ್ಕೋಪಿಗೆ ಸುರಿದು ಅದನ್ನು ಹಿಡಿದಿಡುವ ಬಳೆಗಳಿಗೆ ಬಿಡಿಗಾಸು ಉಳಿಸುವವರನ್ನು ಕ್ಲಬ್ಬಿನಲ್ಲಿ ಬಹಳ ಕಂಡಿದ್ದೇನೆ. ನಾನೂ ಅವರಲ್ಲೊಬ್ಬನಾಗಿದ್ದೆ. ಒಂದು ಚಳಿಗಾಲವಿಡೀ ನನ್ನ ಗುಂಡುಗಳು ಹಾಳೆಯ ಮೇಲೆ ಅಕ್ಕಿ ಎರಚಿದಂತೆ ಬಿದ್ದವು. ತೋಟಾ ಬದಲಿಸಿದೆ, ಉಸಿರಾಟ ಬದಲಿಸಿದೆ, ಕನ್ನಡಕವನ್ನೂ ಬದಲಿಸಿದೆ. ಕೊನೆಗೆ ಒಬ್ಬ ಹಿರಿಯರು ಸ್ಕೋಪನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದರು. ಬಳೆಯ ತಿರುಪು ಸಡಿಲ! ಬಿಗಿಯುವುದಕ್ಕೂ ಮಿತಿಯಿದೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ಡ್ರೈವರಿನಲ್ಲಿ ಬಿಗಿಯಬೇಕು, ಶಕ್ತಿಪ್ರದರ್ಶನ ಮಾಡಿದರೆ ಕೊಳವೆ ನಜ್ಜಾಗುತ್ತದೆ. ಆಮೇಲೆ ಚೌಕದ ಪರೀಕ್ಷೆ: ಒಂದು ಗುಂಡು ಹೊಡೆದು, ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ, ಪ್ರತಿ ಮೂಲೆಯಲ್ಲೊಂದು ಗುಂಡು. ಕೊನೆಯದು ಮೊದಲ ತೂತಿನ ಬಳಿಗೆ ಮರಳದಿದ್ದರೆ ಸ್ಕೋಪು ಅಂಗಡಿಗೆ ಮರಳಲಿ.

ಕಣ್ಣಿಗೂ ಸ್ಕೋಪಿಗೂ ನಡುವಿನ ಅಂತರ ಮೂರೂವರೆ ಅಂಗುಲಕ್ಕೆ ಕಡಿಮೆಯಿರಬಾರದು. .308 ಒದೆಯುತ್ತದೆ. ನಮ್ಮ ಆ ಹಿರಿಯರ ಬಲಹುಬ್ಬಿನ ಮೇಲೆ ಅರ್ಧಚಂದ್ರದಂಥ ಗಾಯದ ಗುರುತಿತ್ತು, ಯಾರೂ ಕಾರಣ ಕೇಳುತ್ತಿರಲಿಲ್ಲ.

ಬೆಲೆಗೆ ಒಂದೇ ಮಾತು: 3-15ರಂಥ ಒಳ್ಳೆಯ ಸ್ಕೋಪಿಗೆ ರೈಫಲಿನಷ್ಟೇ ದುಡ್ಡು ಹೋದರೆ ಗಾಬರಿಯಾಗಬೇಡ, ಆದರೆ ತೋಟಾಕ್ಕೆ ದುಡ್ಡು ಉಳಿಯದಂತೆ ಮಾಡಿಕೊಳ್ಳಬೇಡ. ಇದನ್ನು ಓದಿ ಅಮೆರಿಕದ ಬಂಧುಗಳಿಗೆ ‘ಬರುವಾಗ ನನಗೂ ಒಂದು’ ಎನ್ನುವ ಗೆಳೆಯರಿಗೂ ಒಂದು ಮಾತಿದೆ. ರೈಫಲ್ ಸ್ಕೋಪು ಆ ದೇಶದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ, ಚಾಕೊಲೇಟಿನ ಜತೆ ಸೂಟ್‌ಕೇಸಿಗೆ ಹಾಕುವ ವಸ್ತುವಲ್ಲ.

ಹುಡುಗ 3-15x44 ಕೊಂಡ. ಅಕ್ಟೋಬರಿನುದ್ದಕ್ಕೂ ರೇಂಜಿನ ಹಾಳೆಗಳ ಫೋಟೊ ಬಂದವು. ತೂತುಗಳು ವಾರವಾರಕ್ಕೆ ಹತ್ತಿರವಾಗುತ್ತಿದ್ದವು. ಹಂಗಾಮಿನ ಮೊದಲ ಶನಿವಾರ ನಸುಕಿಗೇ ಅಟ್ಟಣೆ ಹತ್ತಿದ. ಏಳೂವರೆಗೆ ಗಂಡು ಜಿಂಕೆಯೊಂದು ಬಂತು, ಒಂದು ಕಡೆಗೆ ನಾಲ್ಕು ಕವಲು, ಬೈನಾಕ್ಯುಲರಿನಲ್ಲಿ ಸಾವಕಾಶ ಎಣಿಸಿದನಂತೆ. ಅದು ಇನ್ನೂ ಹತ್ತಿರ ನಡೆದು ಬಂದು ಇಪ್ಪತ್ತೈದು ಗಜದಲ್ಲಿ ನಿಂತಿತು. ರೈಫಲ್ ಎತ್ತಿ ಸ್ಕೋಪಿಗೆ ಕಣ್ಣಿಟ್ಟ. ಒಳಗೆ ಬರೀ ಕಂದು ಕೂದಲು.

“ಉಂಗುರ ಎಷ್ಟರಲ್ಲಿತ್ತೋ?” ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. “ಹನ್ನೆರಡು, ಮಾವ. ಹಿಂದಿನ ದಿನ ರೇಂಜಿನಿಂದ ಬಂದವನು ಹಾಗೇ ಬಿಟ್ಟಿದ್ದೆ.”

ಉಂಗುರ ತಿರುಗಿಸುವ ಸದ್ದಿಗೆ ಜಿಂಕೆ ಬಿಳಿಬಾಲ ಎತ್ತಿ ಓಡಿತು. ಅಕ್ಕ ಆ ಸಂಜೆ ಪಾಯಸ ಮಾಡಿದಳು. ಉಂಗುರದ ಮೇಲೆ ಮೂರರ ಪಕ್ಕದಲ್ಲಿ ಈಗ ಅವನ ಹೆಂಡತಿಯ ಕೆಂಪು ಉಗುರುಬಣ್ಣದ ಒಂದು ಬೊಟ್ಟು ಇದೆಯಂತೆ.